ಟಿವಿಯಲ್ಲಿ ಕಲಿತದ್ದು ಲ್ಯೂಮೆಟ್ ಅವರ ಸಿನಿಮಾದಲ್ಲಿ ಎಲ್ಲಿದೆ?

ಪ್ರಶ್ನೆ: ಅಮೆರಿಕದ ನಿರ್ದೇಶಕ ಸಿಡ್ನಿ ಲ್ಯೂಮೆಟ್ ಟಿವಿಯಿಂದ ಸಿನಿಮಾಕ್ಕೆ ಬಂದವರು. ಅವರ ಮೊದಲ ಚಿತ್ರ ‘ಟ್ವೆಲ್ವ್ ಆಂಗ್ರಿ ಮೆನ್’ ಬಹುತೇಕ ಒಂದೇ ಕೋಣೆಯಲ್ಲಿ ನಡೆಯುವುದು ಆ ಟಿವಿ ಅಭ್ಯಾಸದಿಂದಲೇ?

ಉತ್ತರ: ಅಲ್ಲ. ಆ ಕೋಣೆ ಬಂದದ್ದು ಕಥೆಯಿಂದ: ಕೊಲೆ ಮೊಕದ್ದಮೆಯೊಂದರಲ್ಲಿ ಆರೋಪಿ ತಪ್ಪಿತಸ್ಥನೇ ಎಂದು ತೀರ್ಮಾನಿಸಬೇಕಾದ ಜ್ಯೂರಿಯ, ಅಂದರೆ ನ್ಯಾಯಾಲಯ ಆಯ್ದ ಸಾಮಾನ್ಯ ನಾಗರಿಕರ ತಂಡದ, ಹನ್ನೆರಡು ಜನ ಒಂದು ಕೋಣೆಯಲ್ಲಿ ಕೂತು ವಾದಿಸುತ್ತಾರೆ. ರೆಜಿನಾಲ್ಡ್ ರೋಸ್ ಆ ಕಥೆಯನ್ನು ಮೊದಲು ಟಿವಿ ನಾಟಕವಾಗಿ ಬರೆದಿದ್ದರು. 1954ರಲ್ಲಿ ನೇರ ಪ್ರಸಾರವಾದ ಆ ನಾಟಕವನ್ನು ನಿರ್ದೇಶಿಸಿದವರು ಕೂಡ ಲ್ಯೂಮೆಟ್ ಅಲ್ಲ, ಫ್ರಾಂಕ್ಲಿನ್ ಶಾಫ್ನರ್. ಲ್ಯೂಮೆಟ್ ಟಿವಿಯಿಂದ ಹೊತ್ತು ತಂದದ್ದು ತಾಲೀಮಿನ ಶಿಸ್ತನ್ನು ಎಂಬುದು ನನ್ನ ಅಭಿಪ್ರಾಯ.

ಯಿಡ್ಡಿಷ್ (ಯುರೋಪಿನ ಯಹೂದಿಗಳ ಭಾಷೆ) ರಂಗಭೂಮಿಯ ನಟರೊಬ್ಬರ ಮಗನಾಗಿ 1924ರಲ್ಲಿ ಹುಟ್ಟಿ, ಬಾಲನಟನಾಗಿ ಬೆಳೆದ ಅವರು 1950ರಲ್ಲಿ ಸಿಬಿಎಸ್ ವಾಹಿನಿಗೆ ಸಹಾಯಕ ನಿರ್ದೇಶಕರಾಗಿ ಸೇರಿದರು. ನೇರ ಪ್ರಸಾರದಲ್ಲಿ ನಟ ಮಾತು ಮರೆತರೂ ಕ್ಯಾಮೆರಾ ತಡವರಿಸಿದರೂ ಅದು ಹಾಗೆಯೇ ಮನೆಮನೆಗೆ ತಲುಪುತ್ತಿದ್ದುದರಿಂದ, ಎಲ್ಲವನ್ನೂ ಮೊದಲೇ ಪಳಗಿಸಿಕೊಳ್ಳದೆ ಬೇರೆ ದಾರಿ ಇರಲಿಲ್ಲ.

1957ರ ಸಿನಿಮಾಕ್ಕೆ ಅವರು ಎರಡು ವಾರ ತಾಲೀಮು ಮಾಡಿಸಿ, ಚಿತ್ರೀಕರಣವನ್ನು ಮೂರು ವಾರದೊಳಗೆ ಮುಗಿಸಿದರು. ಹಣ ಕಡಿಮೆಯಿದ್ದುದರಿಂದ ಒಂದು ಕಡೆಗೆ ದೀಪ ಹೊಂದಿಸಿದ ಮೇಲೆ, ಕಥೆಯ ಕ್ರಮವನ್ನು ಬದಿಗಿಟ್ಟು, ಆ ಕಡೆಯ ಶಾಟ್‌ಗಳನ್ನೆಲ್ಲ ಒಟ್ಟಿಗೆ ತೆಗೆಯುತ್ತಿದ್ದರು. ಹೆನ್ರಿ ಫಾಂಡಾ ಮತ್ತು ಲೀ ಜೆ. ಕಾಬ್ ಎದುರುಬದುರಾಗಿ ವಾದಿಸುವ ದೃಶ್ಯದಲ್ಲಿ ಒಬ್ಬರ ಮುಖಕ್ಕೂ ಇನ್ನೊಬ್ಬರ ಮುಖಕ್ಕೂ ನಡುವೆ ಏಳೆಂಟು ದಿನಗಳ ಅಂತರವಿದೆ. ಆದರೂ ಸಿಟ್ಟಿನ ಕಾವು ಒಂದೇ ಹದದಲ್ಲಿದೆ. ತಾಲೀಮಿನಲ್ಲಿ ಆ ಹದ ಗಟ್ಟಿಯಾಗದಿದ್ದರೆ ಇದು ಸಾಧ್ಯವೇ ಇರಲಿಲ್ಲ.

ಛಾಯಾಗ್ರಾಹಕ ಬೋರಿಸ್ ಕಾಫ್‌ಮನ್ ಜೊತೆ ಮಾಡಿಕೊಂಡ ಯೋಜನೆಯೂ ಅಷ್ಟೇ ಕರಾರುವಾಕ್ಕಾದುದು. ಮೊದಲ ಮೂರನೇ ಒಂದು ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ, ಮುಂದಿನ ಭಾಗದಲ್ಲಿ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಕೊನೆಯದರಲ್ಲಿ ಅದಕ್ಕಿಂತ ಕೆಳಗಿಳಿದು ಚಾವಣಿಯನ್ನೂ ಕಾಣಿಸುತ್ತದೆ. ಚಿತ್ರ ಸಾಗಿದಂತೆ ಲೆನ್ಸುಗಳ ನಾಭಿದೂರವೂ ಹೆಚ್ಚುತ್ತ ಹೋಗಿ, ಹಿಂದಿನ ಗೋಡೆಗಳು ಆ ಹನ್ನೆರಡು ಜನರ ಬೆನ್ನಿಗೇ ಒತ್ತಿ ಬಂದಂತೆ ತೋರುತ್ತವೆ. ಕೊನೆಯಲ್ಲಿ ಜ್ಯೂರಿ ಸದಸ್ಯರು ನ್ಯಾಯಾಲಯದ ಮೆಟ್ಟಿಲಿಳಿದು ಹೊರಡುವಾಗ ಮಾತ್ರ ಕ್ಯಾಮೆರಾ ಎತ್ತರಕ್ಕೇರಿ, ವೈಡ್ ಆಂಗಲ್ ಲೆನ್ಸಿನಲ್ಲಿ ಬಯಲನ್ನು ತೋರಿಸುತ್ತದೆ. ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರನ್ನು ನಾವು ಬಿಡುವುದು ಆಗಲೇ.