ಪದ ಪರಿಚಯ: ಉಗ್ಗು

ಏನು ಹೇಳಬೇಕೆಂಬುದು ಮನಸ್ಸಿನಲ್ಲಿ ಸ್ಪಷ್ಟವಾಗಿದ್ದು, ಅದಕ್ಕೆ ಬೇಕಾದ ಪದವೂ ತಿಳಿದಿದ್ದು, ಉಚ್ಚಾರ ಮಾತ್ರ ಹತೋಟಿ ತಪ್ಪಿ ಮುಂದೆ ಸಾಗದಿರುವ ಸ್ಥಿತಿಗೆ ಉಗ್ಗು ಎನ್ನುತ್ತಾರೆ. ಪದದ ಮೊದಲ ಧ್ವನಿ ‘ಬ-ಬ-ಬ-ಬೀದರ್’ ಎಂಬಂತೆ ಮರುಕಳಿಸಬಹುದು. ‘ಶ್‌ಶ್‌ಶ್‌ಶಹಾಪುರ’ ಎಂಬಂತೆ ಎಳೆದುಕೊಂಡು ಹೋಗಬಹುದು. ಇಲ್ಲವೇ ತುಟಿ, ನಾಲಿಗೆಗಳು ಸರಿಯಾದ ಜಾಗಕ್ಕೇ ಬಂದು ನಿಂತರೂ ಸದ್ದು ಹೊರಡದೆ ಮಾತು ಕಟ್ಟಿಕೊಳ್ಳಬಹುದು. ಈ ಮೂರನೆಯ ಬಗೆಯನ್ನು ಕೇಳುಗರು ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ. ತರಗತಿಯಲ್ಲಿ ಎದ್ದು ನಿಂತ ಹುಡುಗ ಉತ್ತರ ಗೊತ್ತಿಲ್ಲದೆ ಸುಮ್ಮನಿದ್ದಾನೆ ಎಂದೇ ಭಾವಿಸುತ್ತಾರೆ. ಅವನ ಕುತ್ತಿಗೆಯ ನರ ಬಿಗಿದಿರುವುದನ್ನೂ, ರೆಪ್ಪೆ ಬಡಿದುಕೊಳ್ಳುತ್ತಿರುವುದನ್ನೂ, ಕಾಲಬೆರಳು ನೆಲ ಒತ್ತುತ್ತಿರುವುದನ್ನೂ ಗಮನಿಸಿದರೆ ಮಾತ್ರ ಅಲ್ಲಿ ನಡೆದಿರುವ ಹೆಣಗಾಟ ಕಾಣುತ್ತದೆ.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಇದನ್ನು ತೊದಲು ಎಂದೂ ಕರೆಯುವುದುಂಟು. ಆದರೆ ಎಳೆಯ ಮಗು ‘ರೊಟ್ಟಿ’ಯನ್ನು ‘ಲೊಟ್ಟಿ’ ಎಂದರೆ ಅದು ಬೇರೆ ವಿಷಯ. ಅಲ್ಲಿ ಧ್ವನಿ ಇನ್ನೂ ಪಳಗಿಲ್ಲ ಅಷ್ಟೇ. ಎರಡು ಮೂರು ವರ್ಷದ ಮಕ್ಕಳು ‘ನಾನು... ನಾನು... ನಾನು ಬರ್ತೀನಿ’ ಎಂದು ಇಡೀ ಪದವನ್ನೇ ಮತ್ತೆ ಮತ್ತೆ ಹೇಳುವುದೂ ಬಹುಮಟ್ಟಿಗೆ ಸಹಜವೇ. ಪದದೊಳಗಿನ ಧ್ವನಿಯೇ ತುಂಡಾಗತೊಡಗಿದಾಗ, ಎಳೆಯತೊಡಗಿದಾಗ, ಮುಖದಲ್ಲಿ ಬಿಗಿತ ಕಾಣಿಸಿಕೊಂಡಾಗ ಅದನ್ನು ಉಗ್ಗು ಎಂದು ಎಣಿಸಬೇಕು. ಪಾರ್ಶ್ವವಾಯು ಅಥವಾ ತಲೆಗೆ ಬಿದ್ದ ಪೆಟ್ಟಿನ ನಂತರ ದೊಡ್ಡವರಲ್ಲಿ ಕಾಣಿಸಿಕೊಳ್ಳುವ ಉಗ್ಗೂ ಒಂದಿದೆ. ಇಲ್ಲಿ ಹೇಳುತ್ತಿರುವುದು ಅದರ ಬಗ್ಗೆ ಅಲ್ಲ, ಬಾಲ್ಯದಲ್ಲಿ ತಾನಾಗಿ ಆರಂಭವಾಗುವ ಉಗ್ಗಿನ ಬಗ್ಗೆ.

ಅದು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ, ಮಗು ಚಿಕ್ಕ ಚಿಕ್ಕ ಪದ ಬಿಟ್ಟು ವಾಕ್ಯ ಕಟ್ಟತೊಡಗುವ ಹೊತ್ತಿಗೆ ತೋರುತ್ತದೆ. ಎಷ್ಟೋ ಸಲ ನಿನ್ನೆಯವರೆಗೆ ಸರಾಗ ಮಾತಾಡುತ್ತಿದ್ದ ಮಗು ಕೆಲವೇ ದಿನಗಳಲ್ಲಿ ತಡೆತಡೆದು ಮಾತಾಡತೊಡಗುತ್ತದೆ. ಮನೆಯವರು ನಾಯಿ ಕಂಡು ಬೆದರಿದ್ದನ್ನೋ, ಜಾತ್ರೆಯಲ್ಲಿ ಕೈತಪ್ಪಿದ್ದನ್ನೋ ನೆನೆದು ಕಾರಣವೆಂದು ಹೇಳುತ್ತಾರೆ. ಪ್ರತಿ 100 ಮಕ್ಕಳಲ್ಲಿ ಕನಿಷ್ಠ 5 ಮಂದಿ ಯಾವುದಾದರೊಂದು ಹಂತದಲ್ಲಿ ಉಗ್ಗುತ್ತಾರೆ ಎಂಬುದು ಹಲವು ದೇಶಗಳ ಅಧ್ಯಯನಗಳ ಅಂದಾಜು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಮಕ್ಕಳಿಗೆ ಅದು ಬಿಟ್ಟುಹೋಗುತ್ತದೆ. ವಯಸ್ಕರಲ್ಲಿ ಉಳಿಯುವುದು ಸುಮಾರು ಶೇ 1ರಷ್ಟು ಜನರಿಗೆ. ಆರಂಭದಲ್ಲಿ ಗಂಡು ಹೆಣ್ಣುಮಕ್ಕಳ ನಡುವೆ ಅಂತರ ಅಷ್ಟಾಗಿ ಇರುವುದಿಲ್ಲ; ಹೆಣ್ಣುಮಕ್ಕಳು ಹೆಚ್ಚಾಗಿ ಚೇತರಿಸಿಕೊಳ್ಳುವುದರಿಂದ ದೊಡ್ಡವರಲ್ಲಿ ಒಬ್ಬ ಹೆಂಗಸಿಗೆ ಸುಮಾರು ನಾಲ್ವರು ಗಂಡಸರಂತೆ ಲೆಕ್ಕ ಬರುತ್ತದೆ. ಮನೆತನದಲ್ಲಿ ದೊಡ್ಡವರಾದ ಮೇಲೂ ಉಗ್ಗುವವರಿದ್ದರೆ, ಉಗ್ಗು ಶುರುವಾಗಿ ಒಂದು ವರ್ಷ ಕಳೆದರೂ ಇಳಿಮುಖವಾಗದಿದ್ದರೆ, ತಾನೇ ಹೋಗುತ್ತದೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ನಾಲಿಗೆಯ ಮೇಲಿನ ಅನುಮಾನ ಎಲ್ಲ ಕಾಲದಲ್ಲೂ ಇತ್ತು. ನಮ್ಮಲ್ಲಿ ಮಗುವಿಗೆ ಬಜೆ ತೇಯ್ದು ನೆಕ್ಕಿಸುತ್ತಾರೆ. ‘ನಾಲಿಗಿ ದಪ್ಪ ಅದ, ಅದಕ್ಕ ಹೊಳ್ಳವಲ್ದು’ ಎಂಬ ಮಾತನ್ನು ಅಜ್ಜಿಯರಿಂದ ಇಂದಿಗೂ ಕೇಳಬಹುದು. ಇದನ್ನು ಮೌಢ್ಯವೆಂದು ನಗುವವರು, 1841ರಲ್ಲಿ ಬರ್ಲಿನ್ನಿನ ಹೆಸರಾಂತ ಶಸ್ತ್ರವೈದ್ಯ ಡೀಫನ್‌ಬಾಖ್ ಉಗ್ಗುವವರ ನಾಲಿಗೆಯ ಬುಡದಿಂದ ಮಾಂಸದ ತುಂಡನ್ನೇ ಕತ್ತರಿಸಿ ತೆಗೆಯುತ್ತಿದ್ದನೆಂಬುದನ್ನೂ, ಅದೂ ಅರಿವಳಿಕೆ ಬಳಕೆಗೆ ಬರುವ ಮುನ್ನ ಎಂಬುದನ್ನೂ ತಿಳಿದಿರಬೇಕು. ಉಗ್ಗುವವರ ನಾಲಿಗೆಯಲ್ಲಿ ದೋಷವಿಲ್ಲ. ಹಾಡುವಾಗ ಅದೇ ನಾಲಿಗೆ ಅದೇ ಪದಗಳನ್ನು ತಡೆಯಿಲ್ಲದೆ ನುಡಿಯುತ್ತದೆ. ಮೊಹರಂ ದಿನಗಳಲ್ಲಿ ರಿವಾಯತ್ ಪದ ಹೇಳುವ ಮೇಳದಲ್ಲಾಗಲಿ, ಶಾಲೆಯ ಪ್ರಾರ್ಥನೆಯಲ್ಲಿ ಎಲ್ಲರೂ ಒಟ್ಟಿಗೆ ವಚನ ಹೇಳುವಾಗಲಾಗಲಿ ಉಗ್ಗುವ ಹುಡುಗನನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ಲಯ ಹೊರಗಿನಿಂದ ಸಿಕ್ಕಾಗ ಅಥವಾ ಇನ್ನೊಂದು ದನಿ ಜೊತೆಗಿದ್ದಾಗ ಉಗ್ಗು ಬಹುತೇಕ ಮಾಯವಾಗುತ್ತದೆಂಬ ಈ ಸಂಗತಿಯೇ, ತೊಡಕು ಇರುವುದು ಅಂಗದಲ್ಲಲ್ಲ, ಮಾತಿನ ಚಲನೆಯನ್ನು ಮಿದುಳು ಒಳಗಿನಿಂದಲೇ ಆರಂಭಿಸಿ ಅದರ ಗಳಿಗೆ ಹೊಂದಿಸುವ ಕ್ರಮದಲ್ಲಿ ಎಂಬ ಕಡೆಗೆ ಸಂಶೋಧಕರನ್ನು ಒಯ್ದಿತು.

ಆದರೆ ಅಲ್ಲಿಗೆ ಬರುವ ಮುನ್ನ ಸಂಶೋಧನೆ ಒಂದು ದೀರ್ಘವಾದ ಅಡ್ಡದಾರಿ ಹಿಡಿಯಿತು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಸ್ವತಃ ಉಗ್ಗುತ್ತಿದ್ದವರು. ಮಕ್ಕಳೆಲ್ಲರೂ ಎಡವುವಂತೆಯೇ ಎಡವಿದ ಮಗುವಿಗೆ ತಂದೆತಾಯಿ ‘ಉಗ್ಗು’ ಎಂಬ ಹಣೆಪಟ್ಟಿ ಅಂಟಿಸಿ ಆತಂಕ ಹುಟ್ಟಿಸುವುದರಿಂದಲೇ ಅದು ನಿಜವಾದ ಉಗ್ಗಾಗುತ್ತದೆ ಎಂಬುದು ಅವರ ವಾದ. 1939ರಲ್ಲಿ ಅವರ ವಿದ್ಯಾರ್ಥಿನಿ ಮೇರಿ ಟ್ಯೂಡರ್ ಡಾವೆನ್‌ಪೋರ್ಟ್ ಊರಿನ ಅನಾಥಾಲಯದ 22 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದರು. ಸರಾಗವಾಗಿಯೇ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ ‘ನಿನ್ನಲ್ಲಿ ಉಗ್ಗಿನ ಲಕ್ಷಣವಿದೆ, ತಪ್ಪಿಲ್ಲದೆ ಹೇಳಲಾಗದಿದ್ದರೆ ಮಾತಾಡಲೇ ಬೇಡ’ ಎಂಬರ್ಥದ ಮಾತುಗಳನ್ನು ತಿಂಗಳುಗಟ್ಟಲೆ ಹೇಳಲಾಯಿತು. ಆ ಮಕ್ಕಳು ಮುದುಡಿಹೋದರು, ಮಾತು ಕಡಿಮೆ ಮಾಡಿದರು. ಆದರೆ ಆ ದಾಖಲೆಗಳನ್ನು ಬಹುಕಾಲದ ನಂತರ ಮರುಪರಿಶೀಲಿಸಿದ ಸಂಶೋಧಕರಾದ ಆಂಬ್ರೋಸ್ ಮತ್ತು ಯೈರಿ, ಅವರಲ್ಲಿ ಉಗ್ಗು ಹುಟ್ಟಿತೆನ್ನಲು ಆಧಾರವಿಲ್ಲವೆಂದು 2002ರಲ್ಲಿ ತೋರಿಸಿದರು. ಪ್ರಯೋಗದ ಸುದ್ದಿ 2001ರಲ್ಲಿ ಪತ್ರಿಕೆಯಲ್ಲಿ ಬಯಲಾದಾಗ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ರಾಜ್ಯ 9,25,000 ಡಾಲರ್ ಪರಿಹಾರಕ್ಕೆ ಒಪ್ಪಿತು. ಹಣೆಪಟ್ಟಿಯಿಂದ ಉಗ್ಗು ಹುಟ್ಟುವುದಿಲ್ಲ, ಮಾತಾಡುವ ಧೈರ್ಯ ಸಾಯುತ್ತದೆ ಎಂಬುದಷ್ಟೇ ಆ ಕ್ರೂರ ಪ್ರಯೋಗದಿಂದ ಹೊರಡುವ ತಾತ್ಪರ್ಯ. ಹಾಗಿದ್ದೂ ಜಾನ್ಸನ್‌ರ ವಾದದ ನೆರಳು ದಶಕಗಳ ಕಾಲ ಉಳಿಯಿತು: ಮಗುವಿನ ಮುಂದೆ ಆ ವಿಷಯ ಎತ್ತಲೇಬೇಡಿ ಎಂದು ವೈದ್ಯರು ಹೇಳಿದರು, ತಾಯಂದಿರು ತಮ್ಮದೇ ತಪ್ಪೆಂದು ಕೊರಗಿದರು.

ಇಂದು ಕೈಯಲ್ಲಿರುವ ಸಾಕ್ಷ್ಯ ಬೇರೆಯದು. ಅವಳಿಗಳ ಅಧ್ಯಯನಗಳು ಉಗ್ಗಿನಲ್ಲಿ ಅನುವಂಶಿಕತೆಯ ಪಾಲು ದೊಡ್ಡದೆಂದು ತೋರಿಸಿವೆ. 2010ರಲ್ಲಿ ಅಮೆರಿಕದ ಅನುವಂಶಿಕ ವಿಜ್ಞಾನಿ ಡೆನ್ನಿಸ್ ಡ್ರೇನಾ ಅವರ ತಂಡ, ರಕ್ತಸಂಬಂಧದಲ್ಲೇ ಮದುವೆಯಾಗುವ ರೂಢಿಯಿರುವ ಪಾಕಿಸ್ತಾನದ ಕುಟುಂಬವೊಂದರಿಂದ ಆರಂಭಿಸಿ, ಜೀವಕೋಶದೊಳಗೆ ಕಿಣ್ವಗಳನ್ನು ಅವುಗಳ ಸ್ಥಾನಕ್ಕೆ ಮುಟ್ಟಿಸುವ ಕೆಲಸಕ್ಕೆ ಸಂಬಂಧಿಸಿದ ಮೂರು ಜೀನ್‌ಗಳಲ್ಲಿ ಬದಲಾವಣೆಗಳನ್ನು ಗುರುತಿಸಿತು. (ಸೋದರಮಾವನಿಗೆ ಮಗಳನ್ನು ಕೊಡುವ ರೂಢಿ ನಮ್ಮ ಭಾಗದಲ್ಲೂ ಇರುವುದರಿಂದ ಒಂದು ಮಾತು ಹೇಳಬೇಕು: ಅಂಥ ಕುಟುಂಬಗಳಲ್ಲಿ ಜೀನ್‌ನ ಜಾಡು ಹಿಡಿಯುವುದು ಸುಲಭವೆಂಬ ಕಾರಣಕ್ಕೆ ಸಂಶೋಧಕರು ಅಲ್ಲಿಗೆ ಹೋದರೇ ಹೊರತು, ಸಂಬಂಧದ ಮದುವೆಯೇ ಉಗ್ಗಿಗೆ ಕಾರಣ ಎಂಬುದಕ್ಕಲ್ಲ.) ಆ ಜೀನ್‌ಗಳಿಂದ ಅರ್ಥವಾಗುವುದು ಸಣ್ಣ ಪಾಲಿನ ಜನರ ಉಗ್ಗು ಮಾತ್ರ. 2025ರಲ್ಲಿ ಪ್ರಕಟವಾದ, 10 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಬಳಸಿದ ಅಧ್ಯಯನವೊಂದು ಮನುಷ್ಯರ ಡಿಎನ್‌ಎಯಲ್ಲಿ ಉಗ್ಗಿನೊಂದಿಗೆ ನಂಟಿರುವ 57 ಸ್ಥಾನಗಳನ್ನು ಪತ್ತೆಹಚ್ಚಿತು. ಅಂದರೆ ‘ಉಗ್ಗಿನ ಜೀನ್’ ಎಂಬ ಒಂದೇ ವಸ್ತು ಇಲ್ಲ. ಮಿದುಳಿನ ಚಿತ್ರಣಗಳಲ್ಲಿ ಎಡಭಾಗದ ಮಾತಿನ ಕೇಂದ್ರಗಳನ್ನು ಬೆಸೆಯುವ ನರತಂತುಗಳಲ್ಲಿ ವ್ಯತ್ಯಾಸ ಕಂಡಿದೆ, ಬಲಭಾಗ ವಾಡಿಕೆಗಿಂತ ಹೆಚ್ಚು ದುಡಿಯುವುದೂ ಕಂಡಿದೆ. ಎಡಭಾಗದ ಈ ವ್ಯತ್ಯಾಸ ಚಿಕ್ಕ ಮಕ್ಕಳಲ್ಲೂ ಇರುವುದರಿಂದ, ಇಡೀ ಬದುಕು ಉಗ್ಗಿದ್ದರ ಫಲವಾಗಿ ಹಾಗಾಯಿತೆಂದು ತಳ್ಳಿಹಾಕಲಾಗದು.

ಈ ಮೂರು ಜಿಲ್ಲೆಗಳ ಮಟ್ಟಿಗೆ ವಿಶೇಷವಾಗಿ ಹೇಳಬೇಕಾದ ವಿಷಯ ಭಾಷೆಯದು. ಇಲ್ಲಿ ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಕನ್ನಡ. ಬೀದರಿನ ಭಾಲ್ಕಿ, ಬಸವಕಲ್ಯಾಣದ ಕಡೆ ಮರಾಠಿ, ಯಾದಗಿರಿಯ ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಇವುಗಳ ಮೇಲೆ ಶಾಲೆಯ ಇಂಗ್ಲಿಷ್. ಮಗು ತಡವರಿಸಿದೊಡನೆ ‘ಎರಡು ಭಾಷಾ ಕೂಡಿ ಗೊಂದಲ ಆಗ್ಯಾದ, ಮನ್ಯಾಗಿನ ಮಾತು ಬಿಡಸ್ರಿ’ ಎಂದು ಸಲಹೆ ಕೊಡುವವರಿಗೆ ಬರವಿಲ್ಲ, ಅವರಲ್ಲಿ ಓದಿದವರೂ ಇದ್ದಾರೆ. ಹೆಚ್ಚು ಭಾಷೆ ಕಲಿಯುವುದು ಉಗ್ಗನ್ನು ಹುಟ್ಟಿಸುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡನ್ನೂ ಆಡುವ ಮಕ್ಕಳನ್ನು ಗಮನಿಸಿದ ಅಧ್ಯಯನಗಳು, ಉಗ್ಗಿಲ್ಲದ ಇಂಥ ಮಕ್ಕಳೂ ಪದ ಹುಡುಕುತ್ತ ಸಾಕಷ್ಟು ಎಡವುತ್ತಾರೆಂದೂ, ಅದನ್ನೇ ಉಗ್ಗೆಂದು ತಪ್ಪು ತಿಳಿಯುವ ಅಪಾಯವಿದೆಯೆಂದೂ ಎಚ್ಚರಿಸಿವೆ. ಮಗುವಿನಿಂದ ತಾಯಿಯ ಭಾಷೆಯನ್ನು ಕಿತ್ತುಕೊಳ್ಳುವ ಸಲಹೆ ನನ್ನ ಅಭಿಪ್ರಾಯದಲ್ಲಿ ನಿರರ್ಥಕ ಮಾತ್ರವಲ್ಲ, ಹಾನಿಕರ. ಮಗು ಯಾರೊಂದಿಗೆ ನಿರಾತಂಕವಾಗಿ ಮಾತಾಡಬಹುದಿತ್ತೋ ಅವರೊಂದಿಗಿನ ಮಾತನ್ನೇ ಅದು ನಿಲ್ಲಿಸುತ್ತದೆ.

ಚಿಕ್ಕ ಮಕ್ಕಳ ಚಿಕಿತ್ಸೆ ‘ವಿಷಯ ಎತ್ತಬೇಡಿ’ ಎಂಬ ಕಟ್ಟಳೆಯನ್ನು ಮುರಿದೇ ಬೆಳೆದದ್ದು. 1972ರಲ್ಲಿ ಅಮೆರಿಕದ ಸಂಶೋಧಕರು ಶಾಲೆಗೆ ಸೇರದ ಇಬ್ಬರು ಮಕ್ಕಳನ್ನು ಸೂಜಿಬೆಲ್ ಎಂಬ ಮಾತಾಡುವ ಬೊಂಬೆಯೊಂದಿಗೆ ಹರಟೆಗೆ ಕೂರಿಸಿದರು. ಮಗು ಉಗ್ಗಿದಾಗ ಬೊಂಬೆಯ ಮೇಲಿನ ದೀಪ ಕೆಲ ಸೆಕೆಂಡು ಆರಿ, ಬೊಂಬೆ ಸುಮ್ಮನಾಗುತ್ತಿತ್ತು. ಆಮೇಲೆ ಹರಟೆ ಮುಂದುವರಿಯುತ್ತಿತ್ತು. ಅಂಜಿದಂತೆ ಉಗ್ಗು ಹೆಚ್ಚಲಿಲ್ಲ, ಬಹಳ ಕಡಿಮೆಯಾಯಿತು. ಈ ಜಾಡಿನಲ್ಲಿ ಮಾರ್ಕ್ ಆನ್‌ಸ್ಲೋ ಮತ್ತು ಅವರ ಸಂಗಡಿಗರು ಸಿಡ್ನಿಯಲ್ಲಿ ರೂಪಿಸಿದ್ದೇ ಲಿಡ್‌ಕಂಬ್ ಕ್ರಮ. ಅದರಲ್ಲಿ ಚಿಕಿತ್ಸೆ ಕೊಡುವವರು ತಾಯಿ ಅಥವಾ ತಂದೆ. ವಾಕ್ ಚಿಕಿತ್ಸಕರು ಅವರಿಗೆ ಕಲಿಸಿ, ವಾರವಾರ ಪರಿಶೀಲಿಸುತ್ತಾರೆ. ದಿನಕ್ಕೆ 10-15 ನಿಮಿಷ ಆಟವಾಡುತ್ತ, ಮಗು ತಡೆಯಿಲ್ಲದೆ ಹೇಳಿದಾಗ ‘ಈಗ ಭಾಳ ಛಂದ ಹೇಳಿದಿ ನೋಡು, ಎಲ್ಲೂ ಸಿಕ್ಕೊಳ್ಳಲಿಲ್ಲ’ ಎಂದು ಮೆಚ್ಚುವುದು ಅದರ ತಿರುಳು. ತಿದ್ದುವುದು ಅಪರೂಪಕ್ಕೊಮ್ಮೆ, ಅದೂ ಮೆತ್ತಗೆ. ದಿನವೂ ಉಗ್ಗಿನ ತೀವ್ರತೆಗೆ ಅಂಕ ಹಾಕಿಡಬೇಕು. ನ್ಯೂಜಿಲೆಂಡಿನಲ್ಲಿ 54 ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 9 ತಿಂಗಳ ಬಳಿಕ ಈ ಕ್ರಮ ಪಡೆದವರ ಪೈಕಿ ಶೇ 52ರಷ್ಟು ಮಕ್ಕಳ ಉಗ್ಗು ಗಣನೆಗೆ ಬಾರದಷ್ಟು ಇಳಿದಿತ್ತು. ಪಡೆಯದವರಲ್ಲಿ ಶೇ 15. ಆದರೆ 2015ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಪ್ರಯೋಗದಲ್ಲಿ 199 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಲಿಡ್‌ಕಂಬ್, ಇನ್ನೊಂದಕ್ಕೆ ಮಗುವಿನ ಮೇಲಿನ ಮಾತಿನ ಒತ್ತಡ ತಗ್ಗಿಸುವ ಕ್ರಮ ಕೊಟ್ಟಾಗ, 18 ತಿಂಗಳ ನಂತರ ಎರಡರಲ್ಲೂ ಸರಿಸುಮಾರು ನಾಲ್ಕರಲ್ಲಿ ಮೂರು ಮಕ್ಕಳು ಉಗ್ಗು ದಾಟಿದ್ದರು. ತನ್ನ ಕ್ರಮವೊಂದೇ ಸರಿ ಎನ್ನುವ ಚಿಕಿತ್ಸಕರನ್ನು ಅಷ್ಟು ಮಟ್ಟಿಗೆ ಅನುಮಾನಿಸಬಹುದು. ಮನೆಯಲ್ಲಿ ‘ಸಾವಕಾಶ ಹೇಳು’, ‘ಉಸ್ರು ತಗೊಂಡು ಹೇಳು’ ಎಂದು ಮಗುವಿಗೆ ಅಪ್ಪಣೆ ಮಾಡುವುದಕ್ಕಿಂತ ದೊಡ್ಡವರು ತಾವು ಸಾವಕಾಶ ಮಾತಾಡಿ, ಮಗುವಿನ ವಾಕ್ಯವನ್ನು ತಾವು ಮುಗಿಸದಿರುವುದು ಮೇಲು.

ದೊಡ್ಡವರ ಉಗ್ಗು ಇನ್ನೊಂದೇ ಪರಿಯದು, ಏಕೆಂದರೆ ಆ ಹೊತ್ತಿಗೆ ತಪ್ಪಿಸಿಕೊಳ್ಳುವ ಜಾಣತನ ಬೆಳೆದಿರುತ್ತದೆ. ಕೆಕೆಆರ್‌ಟಿಸಿ ಬಸ್ಸಿನಲ್ಲಿ ಕಂಡಕ್ಟರ್ ‘ಎಲ್ಲಿಗ್ರಿ?’ ಎಂದಾಗ ‘ಕ’ಕಾರದಲ್ಲಿ ಸಿಕ್ಕಿಬೀಳುವ ತರುಣನೊಬ್ಬ ‘ಕಲಬುರಗಿ’ ಬಿಟ್ಟು ಹಳೆಯ ರೂಢಿಯ ‘ಗುಲ್ಬರ್ಗಾ’ ಎಂದು ಪಾರಾಗಬಹುದು. ಚಿಂಚೋಳಿಗೆ ಹೋಗುವವನಿಗೆ ಆ ಸೌಲಭ್ಯವಿಲ್ಲ. ಅವನು ಪಕ್ಕದವನು ಚೀಟಿ ಕೊಳ್ಳುವವರೆಗೆ ಕಾದು ‘ನನಗೂ ಅಲ್ಲಿಗೇ’ ಎನ್ನಬೇಕು, ಇಲ್ಲವೇ ಮೊಬೈಲಿನಲ್ಲಿ ಬರೆದು ತೋರಿಸಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಸ್ವಂತ ಹೆಸರು, ಅದಕ್ಕೆ ಬದಲಿ ಪದವಿಲ್ಲ. ಹೀಗೆ ಪದ ಬದಲಿಸುವುದರಲ್ಲಿ ಪಳಗಿದವರ ಉಗ್ಗು ಹೊರಗಿನವರ ಕಿವಿಗೆ ಬೀಳದೆ ಹೋಗಬಹುದು, ಆದರೆ ಅವರು ಯಾವ ಕೆಲಸಕ್ಕೆ ಅರ್ಜಿ ಹಾಕುತ್ತಾರೆ, ಯಾವ ಫೋನ್ ಎತ್ತುವುದಿಲ್ಲ ಎಂಬುದನ್ನೆಲ್ಲ ಅದೇ ನಿರ್ಧರಿಸುತ್ತಿರುತ್ತದೆ.

ಆದ್ದರಿಂದ ವಯಸ್ಕರ ಚಿಕಿತ್ಸೆಗೆ ಎರಡು ಕವಲುಗಳಿವೆ. ಒಂದರಲ್ಲಿ ಧ್ವನಿಗಳನ್ನು ತುಸು ಎಳೆದು, ಮೆಲ್ಲಗೆ ಆರಂಭಿಸಿ ಉಗ್ಗು ಬಾರದಂತೆ ಮಾತಾಡುವುದನ್ನು ಕಲಿಸುತ್ತಾರೆ. ಇದು ಚಿಕಿತ್ಸಾ ಕೊಠಡಿಯಲ್ಲಿ ಬೇಗ ಫಲ ಕೊಡುತ್ತದೆ, ಸಂತೆಯಲ್ಲಿ ಉಳಿಸಿಕೊಳ್ಳುವುದು ಕಷ್ಟ. ಇನ್ನೊಂದು, ತಾವೇ ತೀವ್ರವಾಗಿ ಉಗ್ಗುತ್ತಿದ್ದ ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ ಕಟ್ಟಿದ ಮಾರ್ಗ. ಅಲ್ಲಿ ಉಗ್ಗನ್ನು ಅಡಗಿಸುವುದಿಲ್ಲ, ಸಡಿಲಿಸುತ್ತಾರೆ: ಉಗ್ಗಿದ ಪದದ ನಂತರ ನಿಂತು, ಬಿಗಿತವಿಲ್ಲದೆ ಅದನ್ನೇ ಮತ್ತೆ ಹೇಳುವುದು, ಅದು ರೂಢಿಯಾದ ಮೇಲೆ ಪದದ ನಡುವೆಯೇ ಬಿಗಿತ ಬಿಡಿಸಿಕೊಳ್ಳುವುದು, ಕೊನೆಗೆ ಸಿಕ್ಕಿಬೀಳುವೆನೆಂದು ತಿಳಿದ ಪದಕ್ಕೆ ಮೊದಲೇ ಸಜ್ಜಾಗುವುದು. ಇದರೊಂದಿಗೆ, ತಪ್ಪಿಸುತ್ತಿದ್ದ ಪದವನ್ನು ಬೇಕೆಂದೇ ಬಳಸುವ ಅಭ್ಯಾಸವೂ ಸೇರುತ್ತದೆ. ನನಗೆ ಎರಡನೆಯ ದಾರಿ ಹೆಚ್ಚು ಪ್ರಾಮಾಣಿಕವೆನಿಸುತ್ತದೆ, ಆದರೂ ಹಲವು ಚಿಕಿತ್ಸಕರು ಇವೆರಡನ್ನೂ ಬೆರೆಸಿಯೇ ಬಳಸುತ್ತಾರೆ. ಮಿದುಳಿನ ನರಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕದ ಪ್ರಭಾವ ತಗ್ಗಿಸುವ ಕೆಲವು ಔಷಧಗಳನ್ನು ಪರೀಕ್ಷಿಸಿದ್ದುಂಟು. ಉಗ್ಗಿಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆದ ಔಷಧ ಇಲ್ಲ. ಇಷ್ಟು ದಿನದಲ್ಲಿ ಪೂರ್ತಿ ಗುಣ ಎಂದು ಗೋಡೆಗೆ ಅಂಟಿಸಿದ ಜಾಹೀರಾತನ್ನು ಹಣ ತೆರುವ ಮುನ್ನ ಇನ್ನೊಮ್ಮೆ ಯೋಚಿಸಿ ಓದಬೇಕು.

ಈ ಭಾಗದವರು ಎಲ್ಲಿಗೆ ಹೋಗಬೇಕು? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದಾಗ ಮಗುವಿನ ಮಾತಿನ ವಿಷಯವನ್ನು ಶಿಕ್ಷಕರೇ ಎತ್ತಿದರೆ, ಮಕ್ಕಳ ತೊಂದರೆಗಳನ್ನು ಬೇಗನೆ ಗುರುತಿಸಿ ನೆರವಾಗುವ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆ ಅದರಲ್ಲಿದೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇಲ್ಲಿಂದ 600 ಕಿ.ಮೀ.ಗೂ ದೂರ, ಆದರೆ ವಿಡಿಯೊ ಕರೆಯ ಮೂಲಕ ಚಿಕಿತ್ಸೆ ಪಡೆಯುವುದು ಈಗ ಸಾಧ್ಯ, ಉಗ್ಗಿಗೆ ಅದು ಒಗ್ಗುವುದೂ ಹೌದು. ಖಾಸಗಿ ಚಿಕಿತ್ಸಕರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೆಂಬ ವರ್ಗವಿದ್ದರೂ, ಧ್ವನಿಪೆಟ್ಟಿಗೆ ತೆಗೆದವರು, ಮಿದುಳಿಗೆ ಹಾನಿಯಾಗಿ ಮಾತು ಕಳೆದುಕೊಂಡವರು ಮುಂತಾದವರ ಶಾಶ್ವತ ವೈಕಲ್ಯವನ್ನು ಗಮನದಲ್ಲಿಟ್ಟು ಅದನ್ನು ವ್ಯಾಖ್ಯಾನಿಸಲಾಗಿದೆ. ಉಗ್ಗುವವರಿಗೆ ಅದರಡಿ ಪ್ರಮಾಣಪತ್ರ ಸಿಗುವುದು ಸುಲಭವಲ್ಲ. ಮೌಖಿಕ ಪರೀಕ್ಷೆಯಲ್ಲೋ ಸಂದರ್ಶನದಲ್ಲೋ ಹೆಚ್ಚುವರಿ ಸಮಯ ಬೇಕಾದವರು ಸದ್ಯ ಅದನ್ನು ಚಿಕಿತ್ಸಕರ ಪತ್ರದೊಂದಿಗೆ ಮುಂಚಿತವಾಗಿ ಬರೆದು ಕೇಳಿಕೊಳ್ಳಬೇಕು; ಕೊಡುವುದು ಬಿಡುವುದು ಪರೀಕ್ಷೆ ನಡೆಸುವವರ ವಿವೇಚನೆಗೆ ಬಿಟ್ಟದ್ದಾಗಿದೆ.