ರಾತ್ರಿ ಎರಡಕ್ಕೆ ಹೌಸ್ ಸರ್ಜನ್ ಯಾರಿಗೆ ಫೋನ್ ಮಾಡಬೇಕು?

ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಕಿಮ್ಸ್‌ಗೆ ಈಗ ಕೆಎಂಸಿಆರ್‌ಐ ಅಂತ ಹೆಸರು ಬದಲಾಗಿದೆ. ಆಟೋದವರಿಗೆ, ರೋಗಿಗಳಿಗೆ ಅದು ಇನ್ನೂ ಕಿಮ್ಸೇ. ಗದಗ, ಹಾವೇರಿ, ಕೊಪ್ಪಳ, ಉತ್ತರ ಕನ್ನಡದ ಕಡೆಯಿಂದ 108 ಬಂದು ಅಲ್ಲಿನ ಕ್ಯಾಶುವಲ್ಟಿ ಮುಂದೆ ನಿಂತಾಗ, ರೋಗಿಯ ನಾಡಿ ಮೊದಲು ಹಿಡಿಯುವವರು ಬಹಳ ಸಲ ಇಪ್ಪತ್ಮೂರು ಇಪ್ಪತ್ನಾಲ್ಕು ವಯಸ್ಸಿನ ಹೌಸ್ ಸರ್ಜನ್, ಅಂದರೆ ಎಂಬಿಬಿಎಸ್ ಪಾಸಾಗಿ ಒಂದು ವರ್ಷದ ತರಬೇತಿಯಲ್ಲಿರುವ ಇಂಟರ್ನ್. "ದೊಡ್ಡ ಡಾಕ್ಟ್ರು ಎಲ್ಲಿ ಅದಾರ್ರೀ? ಸಣ್ ಹುಡುಗ್ರನ್ನ ಕಳಿಸ್ಯಾರಲ್ಲ" ಅಂತ ಸಂಬಂಧಿಕರು ಗೊಣಗುತ್ತಾರೆ. ಅದಕ್ಕೆ ಸಿಟ್ಟಾಗಬೇಕಿಲ್ಲ. ಅವರು ಕೇಳುತ್ತಿರುವುದು ಸರಿಯಾದ ಪ್ರಶ್ನೆಯೇ. ಈ ಹುಡುಗರ ಬೆನ್ನ ಹಿಂದೆ ಯಾರಿದ್ದಾರೆ?

ಆಸ್ಪತ್ರೆಯ ಒಳಗಿನವರನ್ನು ಕೇಳಿದರೆ ಪಟ್ಟಿಯನ್ನೇ ಒಪ್ಪಿಸುತ್ತಾರೆ. ಹೌಸ್ ಸರ್ಜನ್ ಮೇಲೆ ಫಸ್ಟ್ ಇಯರ್ ಪಿಜಿ (ಎಂಡಿ, ಎಂಎಸ್ ಓದುತ್ತಿರುವವರು), ಅವರ ಮೇಲೆ ಸೀನಿಯರ್ ಪಿಜಿ, ಆಮೇಲೆ ಆ ಓದು ಮುಗಿಸಿದ ಸೀನಿಯರ್ ರೆಸಿಡೆಂಟ್, ಅಸಿಸ್ಟೆಂಟ್ ಪ್ರೊಫೆಸರ್, ಕೊನೆಗೆ ಯೂನಿಟ್ ಚೀಫ್. ಬೆಳಿಗ್ಗೆ ರೌಂಡ್ಸ್ ಹೊತ್ತಿಗೆ ಇವರೆಲ್ಲ ಒಂದೇ ಮಂಚದ ಸುತ್ತ ನಿಂತಿರುತ್ತಾರೆ. ಚಿಂತೆ ಇರುವುದು ರಾತ್ರಿ ಎರಡು ಗಂಟೆಯದು.

ಕಾಗದದ ಮೇಲೆ ಇದಕ್ಕೆ ಉತ್ತರ ಎಂದೋ ಸಿಕ್ಕಿದೆ. ಎಂಬಿಬಿಎಸ್ ಪಾಸಾದ ಕೂಡಲೇ ಯಾರೂ ಪೂರ್ತಿ ಡಾಕ್ಟರ್ ಆಗುವುದಿಲ್ಲ. 1956ರ ಭಾರತೀಯ ವೈದ್ಯಕೀಯ ಮಂಡಳಿ ಕಾಯ್ದೆಯಲ್ಲೇ ತಾತ್ಕಾಲಿಕ ನೋಂದಣಿಯ ಮಾತಿತ್ತು. ಒಂದು ವರ್ಷ ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ಕೆಲಸ ಮಾಡಿದ ಮೇಲೆಯೇ ಕಾಯಂ ನೋಂದಣಿ. 1997ರ ನಿಯಮ ಇನ್ನೂ ಬಿಡಿಸಿ ಹೇಳಿತು. ಇಂಟರ್ನ್ ಸ್ವತಂತ್ರವಾಗಿ ಕೆಲಸ ಮಾಡುವಂತಿಲ್ಲ. ಮರಣ ಪ್ರಮಾಣಪತ್ರಕ್ಕೆ, ಪೊಲೀಸ್ ಕೇಸಿನ ಕಾಗದಕ್ಕೆ ತಾನೇ ಸಹಿ ಹಾಕುವಂತಿಲ್ಲ. 2021ರ ಹೊಸ ನಿಯಮ ವಾರದ ಲೆಕ್ಕವನ್ನೂ ಕೊಟ್ಟಿತು. ಸಮುದಾಯ ವೈದ್ಯಕೀಯಕ್ಕೆ 12 ವಾರ, ಮೆಡಿಸಿನ್‌ಗೆ 6, ಸರ್ಜರಿಗೆ 6, ಹೆರಿಗೆ ವಿಭಾಗಕ್ಕೆ 7, ಕ್ಯಾಶುವಲ್ಟಿಗೆ 2. ಏನೇನು ಕಲಿತರು ಅಂತ ಲಾಗ್‌ಬುಕ್ ಬರೆಯಬೇಕು, ಅದಕ್ಕೆ ಮೇಲಿನವರ ಸಹಿ ಬೇಕು. ಆದರೆ ರಾತ್ರಿ ಕರೆದಾಗ ಆ ಮೇಲಿನವರು ಎಷ್ಟು ಹೊತ್ತಿಗೆ ಬಂದರು ಅಂತ ಯಾರೂ ಬರೆದಿಡುವುದಿಲ್ಲ.

ಈ ಒಂದು ವರ್ಷದ ಪದ್ಧತಿ ಬಂದದ್ದು ಬ್ರಿಟನ್ನಿನಿಂದ. ಅಲ್ಲಿ 1950ರಲ್ಲಿ ಕಾಯ್ದೆ ಆಗಿ, 1953ರಿಂದ ಹೊಸ ಡಾಕ್ಟರುಗಳಿಗೆ ಆಸ್ಪತ್ರೆಯ ವರ್ಷ ಕಡ್ಡಾಯವಾಯಿತು. ಅದಾಗಿ ನಾಲ್ಕೇ ವರ್ಷಕ್ಕೆ, 1957ರಲ್ಲಿ, ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು, ಅಂದರೆ ಇದೇ ಕಿಮ್ಸ್, ಶುರುವಾಯಿತು. ಆಸ್ಪತ್ರೆಯಲ್ಲೇ ವಾಸ, ಹಗಲು ರಾತ್ರಿ ಕೆಲಸ ಅನ್ನುವ ರೆಸಿಡೆಂಟ್ ಪದ್ಧತಿ ಮಾತ್ರ ಅಮೆರಿಕದ್ದು. 1889ರಲ್ಲಿ ತೆರೆದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಸರ್ಜನ್ ಅದನ್ನು ಕಟ್ಟಿದ. ಹಾಲ್‌ಸ್ಟೆಡ್ ದೊಡ್ಡ ಸರ್ಜನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಆತನಿಗೆ ಮೊದಲು ಕೊಕೇನ್, ಆಮೇಲೆ ಮಾರ್ಫಿನ್ ಚಟ ಹತ್ತಿತ್ತು. "ನಮ್ಮ ಕಾಲದಲ್ಲಿ ಮೂರು ದಿನ ನಿದ್ದೆ ಇಲ್ಲದೆ ದುಡಿದೆವು" ಅನ್ನುವ ಹಿರಿಯರು ಇದನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಬೇಕು!

ನಮ್ಮ ಕಡೆಯ ಒಂದು ರಾತ್ರಿ ಡ್ಯೂಟಿ ಹೇಗಿರುತ್ತದೆ ನೋಡೋಣ. ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆ ಇದು. ಮನೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ, ಇದ್ದೇ ಇರುತ್ತದೆ. "ಎಣ್ಣಿ ಕುಡದಾರ್ರೀ" ಅಂತ ಹೊತ್ತು ತಂದ ಕೇಸನ್ನು ನೋಡದ ಹೌಸ್ ಸರ್ಜನ್ ಈ ಭಾಗದಲ್ಲಿ ಸಿಗುವುದು ಕಷ್ಟ. ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ ಸದ್ದು, ಮೈಯೆಲ್ಲ ಬೆವರು. ಔಷಧಿ ಅಟ್ರೋಪಿನ್. ಒಂದು ಆಂಪೂಲ್‌ನಲ್ಲಿ ಇರುವುದು 0.6 ಮಿಲಿಗ್ರಾಂ. ಮೂರರಿಂದ ಐದು ಆಂಪೂಲ್‌ನಿಂದ ಶುರು. ಐದು ನಿಮಿಷಕ್ಕೆ ಎದೆ ತಿಳಿಯಾಗದಿದ್ದರೆ ಅದರ ಎರಡರಷ್ಟು. ಮತ್ತೆ ಐದು ನಿಮಿಷ, ಮತ್ತೆ ಎರಡರಷ್ಟು. ಸಿಸ್ಟರ್ ಒಬ್ಬರು ಆಂಪೂಲ್ ಒಡೆಯುತ್ತಲೇ ಇರಬೇಕು, ಇನ್ನೊಬ್ಬರು ಸಿರಿಂಜಿಗೆ ಎಳೆಯುತ್ತಲೇ ಇರಬೇಕು.

ಇಲ್ಲಿ ಪುಸ್ತಕ ಓದಿದ್ದು ಅರ್ಧಕ್ಕೇ ಸಾಕಾಗುತ್ತದೆ. ಎಲ್ಲಿ ನಿಲ್ಲಿಸಬೇಕು? ಕಣ್ಣಿನ ಪಾಪೆ ದೊಡ್ಡದಾಯಿತು ಅಂತ ನಿಲ್ಲಿಸಿದರೆ ಎಡವಟ್ಟು. ಎದೆಗೆ ಸ್ಟೆತ್ ಇಟ್ಟು ಕೇಳಬೇಕು, ನಾಡಿ 80 ದಾಟಿತೇ, ಬಿಪಿ ಸ್ಥಿರವಾಯಿತೇ ನೋಡಬೇಕು. ಜಾಸ್ತಿ ಆದರೆ ರೋಗಿಗೆ ಜ್ವರ ಏರುತ್ತದೆ, ಬಡಬಡಿಸುತ್ತಾನೆ, ಡ್ರಿಪ್ ಕಿತ್ತುಕೊಳ್ಳುತ್ತಾನೆ. ಅದನ್ನು ವಿಷದ ಪರಿಣಾಮ ಅಂದುಕೊಂಡು ಇನ್ನಷ್ಟು ಅಟ್ರೋಪಿನ್ ಹಾಕಿದರೆ ಮುಗಿಯಿತು.

ಇಷ್ಟೆಲ್ಲ ಆಗಿ ರೋಗಿ ಎದ್ದು ಕೂತ, ಚಹಾ ಕುಡಿದ ಅಂದುಕೊಳ್ಳಿ. ಮನೆಯವರು ಡಿಸ್ಚಾರ್ಜ್ ಕೇಳುತ್ತಾರೆ. ಆದರೆ ಕುಡಿದ ಒಂದರಿಂದ ನಾಲ್ಕು ದಿನದ ಒಳಗೆ ಕೆಲವರ ಉಸಿರಾಟದ ಸ್ನಾಯುಗಳು ಕೈಕೊಡುತ್ತವೆ. 1987ರಲ್ಲಿ ಶ್ರೀಲಂಕಾದ ಡಾಕ್ಟರುಗಳು ಇದನ್ನು ಗುರುತಿಸಿ ಬರೆದರು. ಅದರ ಮೊದಲ ಸುಳಿವು ಬಹಳ ಸಣ್ಣದು. ರೋಗಿಗೆ ದಿಂಬಿನಿಂದ ತಲೆ ಎತ್ತೋಕೆ ಆಗುವುದಿಲ್ಲ. "ತಲಿ ಎತ್ರೀ ಯಜಮಾನ್ರ" ಅಂತ ದಿನಕ್ಕೆ ಮೂರ್ನಾಲ್ಕು ಸಲ ಕೇಳಿ ನೋಡುವುದು, ಎತ್ತಲಿಲ್ಲ ಅಂದರೆ ಕೂಡಲೇ ಮೇಲಿನವರನ್ನು ಕರೆದು ವೆಂಟಿಲೇಟರ್ ಹುಡುಕುವುದು. ಒಬ್ಬ ಸೀನಿಯರ್ ಮಂಚದ ಪಕ್ಕ ನಿಂತು ಒಂದೇ ಒಂದು ಸಲ ತೋರಿಸಿದರೆ ಹೌಸ್ ಸರ್ಜನ್ ಇದನ್ನು ಜೀವಮಾನದಲ್ಲಿ ಮರೆಯುವುದಿಲ್ಲ. ತೋರಿಸದಿದ್ದರೆ ಆ ರೋಗಿ ರಾತ್ರಿ ಸುಮ್ನೆ ಮಲಗಿದ್ದಾನೆ ಅಂತಲೇ ಎಲ್ಲರೂ ಅಂದುಕೊಂಡಿರುತ್ತಾರೆ.

ಮೇಲ್ವಿಚಾರಣೆ ಅಂದರೆ ನನ್ನ ಲೆಕ್ಕದಲ್ಲಿ ಇದೇ. ಹಾಜರಿ ಪುಸ್ತಕ ನೋಡುವುದಲ್ಲ.

ಈ ವಿಷಯ ಜಗತ್ತಿನ ಎದುರಿಗೆ ಬಂದದ್ದು 1984ರ ಮಾರ್ಚ್‌ನಲ್ಲಿ, ನ್ಯೂಯಾರ್ಕಿನಲ್ಲಿ. ಲಿಬಿ ಜಿಯಾನ್ ಎಂಬ 18ರ ಹುಡುಗಿ ಜ್ವರ, ಚಡಪಡಿಕೆ ಅಂತ ರಾತ್ರಿ ಆಸ್ಪತ್ರೆಗೆ ಸೇರಿದಳು. ನೋಡಿದವರು ಒಬ್ಬ ಇಂಟರ್ನ್ ಮತ್ತು ಒಬ್ಬ ಕಿರಿಯ ರೆಸಿಡೆಂಟ್. ಮನೆ ಡಾಕ್ಟರ್ ಫೋನಿನಲ್ಲೇ ಒಪ್ಪಿಗೆ ಕೊಟ್ಟರು, ಬರಲಿಲ್ಲ. ಅವಳು ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಖಿನ್ನತೆಯ ಮಾತ್ರೆಗೂ ಇವರು ಕೊಟ್ಟ ಇಂಜೆಕ್ಷನ್ನಿಗೂ ಆಗಿಬರುತ್ತಿರಲಿಲ್ಲ. ಚಡಪಡಿಕೆ ಜಾಸ್ತಿ ಆದಾಗ ಸಿಸ್ಟರ್‌ಗಳು ಕರೆದರು. ಆ ಇಂಟರ್ನ್ ತಲೆಯ ಮೇಲೆ ಇನ್ನೂ ಹತ್ತಾರು ರೋಗಿಗಳಿದ್ದರು. ಬರಲಾಗದೆ, ಕೈಕಾಲು ಕಟ್ಟಿ ಅಂತ ಫೋನಿನಲ್ಲೇ ಹೇಳಿದರು. ಬೆಳಗಾಗುವಷ್ಟರಲ್ಲಿ ಹುಡುಗಿ ತೀರಿಹೋದಳು.

ಅವಳ ಅಪ್ಪ ಸಿಡ್ನಿ ಜಿಯಾನ್ ಪತ್ರಕರ್ತ, ವಕೀಲ ಕೂಡ. ಬಿಡಲಿಲ್ಲ. ಕೋರ್ಟು, ವಿಚಾರಣೆ, ಕೊನೆಗೆ ಬರ್ಟ್ರಂಡ್ ಬೆಲ್ ಎಂಬ ಡಾಕ್ಟರ್ ನೇತೃತ್ವದಲ್ಲಿ ಆಯೋಗ. 1989ರಲ್ಲಿ ನ್ಯೂಯಾರ್ಕ್ ರಾಜ್ಯ ನಿಯಮ ತಂದಿತು. ವಾರಕ್ಕೆ 80 ಗಂಟೆ, ಒಂದೇ ಸಮನೆ 24 ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ಅನುಭವಿ ಡಾಕ್ಟರ್ ಇಪ್ಪತ್ನಾಲ್ಕು ಗಂಟೆಯೂ ಆಸ್ಪತ್ರೆಯಲ್ಲಿ ಇರಬೇಕು. ಪೇಪರುಗಳಲ್ಲಿ ಸುದ್ದಿಯಾದದ್ದು 80 ಗಂಟೆ ಮಾತ್ರ. ಬೆಲ್‌ಗೆ ಇದು ಸರಿಬರಲಿಲ್ಲ. ರೋಗಿಗೆ ಒಳ್ಳೆಯದಾಗುವುದು ಗಂಟೆ ಕಡಿಮೆ ಮಾಡಿದ್ದಕ್ಕಲ್ಲ, ಮೇಲ್ವಿಚಾರಣೆ ಇದ್ದರೆ ಅಂತ 1993ರಲ್ಲಿ ಅವರೇ ಬರೆದರು.

ಆಮೇಲಿನ ಕಥೆ ಅವರ ಮಾತನ್ನು ಬಹುಮಟ್ಟಿಗೆ ಸಮರ್ಥಿಸುತ್ತದೆ. ಅಮೆರಿಕ 2003ರಲ್ಲಿ 80 ಗಂಟೆಯ ಮಿತಿಯನ್ನು ದೇಶಕ್ಕೆಲ್ಲ ತಂದಿತು. 2011ರಲ್ಲಿ ಇಂಟರ್ನ್‌ಗಳ ಒಂದು ಪಾಳಿ 16 ಗಂಟೆ ಮೀರಬಾರದು ಅಂದಿತು. 2017ರಲ್ಲಿ ಮತ್ತೆ 24ಕ್ಕೆ ಹೋಯಿತು. ಪಾಳಿಯ ಮಿತಿ ಬಿಗಿಯಾಗಿರುವವು, ಸಡಿಲವಾಗಿರುವವು ಅಂತ ಆಸ್ಪತ್ರೆಗಳನ್ನು ಎರಡು ಗುಂಪು ಮಾಡಿ ನೋಡಿದಾಗ ರೋಗಿಗಳ ಸಾವಿನಲ್ಲಿ ವ್ಯತ್ಯಾಸ ಕಂಡಿರಲಿಲ್ಲ. ಹಾಗಂತ ನಿದ್ದೆ ಬೇಡ ಅಂತಲ್ಲ. ಉದ್ದ ಪಾಳಿ ಮುಗಿಸಿ ಗಾಡಿ ಓಡಿಸುವ ಇಂಟರ್ನ್‌ಗಳಿಗೆ ಅಪಘಾತ ಎರಡು ಪಟ್ಟಿಗಿಂತ ಜಾಸ್ತಿ ಅಂತ 2005ರ ಅಧ್ಯಯನವೊಂದು ತೋರಿಸಿದೆ. ಡ್ಯೂಟಿ ಮುಗಿಸಿ ಧಾರವಾಡಕ್ಕೆ ಬೈಕ್ ಹತ್ತುವ ಹುಡುಗರು ಇದನ್ನು ಓದಬೇಕು. ಪಾಳಿ ಚಿಕ್ಕದಾದಷ್ಟೂ ರೋಗಿ ಕೈಯಿಂದ ಕೈಗೆ ದಾಟುವುದು ಹೆಚ್ಚುತ್ತದೆ, ಮಾಹಿತಿ ನಡುವೆ ಬಿದ್ದುಹೋಗುತ್ತದೆ. ಅದಕ್ಕೇ ಹ್ಯಾಂಡೋವರ್ ಕಲಿಸಬೇಕಾಗುತ್ತದೆ. ಅಮೆರಿಕದ ಒಂಬತ್ತು ಮಕ್ಕಳ ವಿಭಾಗಗಳಲ್ಲಿ ಇದನ್ನು ಒಂದು ಕ್ರಮಕ್ಕೆ ತಂದು ಕಲಿಸಿದಾಗ ತಪ್ಪುಗಳು 23% ಇಳಿದವು. ಇದು 2014ರ ಲೆಕ್ಕ. ನಮ್ಮಲ್ಲಿ ಹ್ಯಾಂಡೋವರ್ ಅಂದರೆ ಹಲವು ಕಡೆ ವಾಟ್ಸಾಪ್‌ನಲ್ಲಿ ಒಂದು ಸಾಲು, ಅದೂ ಕ್ಯಾಂಟೀನ್ ದಾರಿಯಲ್ಲಿ.

ಭಾರತದಲ್ಲಿ ಗಂಟೆಯ ನಿಯಮ ಇಲ್ಲವೇ ಇಲ್ಲ ಅಂದುಕೊಂಡವರು ಬಹಳ. 1992ರ ರೆಸಿಡೆನ್ಸಿ ಯೋಜನೆಯಲ್ಲೇ ದಿನಕ್ಕೆ 12, ವಾರಕ್ಕೆ 48 ಗಂಟೆ ಅಂತ ಇದೆ! 2023ರ ಪಿಜಿ ನಿಯಮ ಮಾತ್ರ ಅಂಕಿ ಬಿಟ್ಟು 'ಸಮಂಜಸ ಅವಧಿ' ಅಂದಿತು. ಸಮಂಜಸ ಅಂದರೆ ಎಷ್ಟು ಅಂತ ಯೂನಿಟ್ ಚೀಫ್ ತೀರ್ಮಾನಿಸುತ್ತಾರೆ, ಅಲ್ವಾ? 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಬೇಕು ಅಂತ ಶಿಫಾರಸು ಮಾಡಿತು. 25,590 ಎಂಬಿಬಿಎಸ್ ವಿದ್ಯಾರ್ಥಿಗಳು, 5,337 ಪಿಜಿಗಳು ಅದರ ಸಮೀಕ್ಷೆಗೆ ಉತ್ತರಿಸಿದ್ದರು. ಮಾನಸಿಕ ಕಾಯಿಲೆ ಇದೆ ಅಂತ ಹೇಳಿಕೊಂಡವರು ಎಂಬಿಬಿಎಸ್‌ನಲ್ಲಿ 27.8%, ಪಿಜಿಯಲ್ಲಿ 15.3%. ಧಾರವಾಡದಲ್ಲಿ 1845ರಿಂದ ಮಾನಸಿಕ ಆಸ್ಪತ್ರೆ ಇದೆ, ಈಗಿನ ಡಿಮ್ಹಾನ್ಸ್. ನಮ್ಮ ಹುಡುಗರು ಅಲ್ಲಿಗೆ ರೋಗಿಯಾಗಿ ಹೋಗೋಕೆ ಹಿಂಜರಿಯುತ್ತಾರೆ. ಪರಿಚಯದವರು ಯಾರಾದರೂ ನೋಡಿಬಿಟ್ಟರೆ ಅನ್ನುವ ಅಳುಕು.

ಸ್ಟೈಪೆಂಡ್ ವಿಷಯ ಎಲ್ಲರಿಗೂ ಗೊತ್ತಿದೆ. ಮುಷ್ಕರಗಳು ಆಗಿವೆ, ಸರ್ಕಾರ ಏರಿಸಿದೆ, ಮತ್ತೆ ಮುಷ್ಕರ ಆಗುತ್ತದೆ. ನ್ಯಾಯದ ಬೇಡಿಕೆಯೇ. ಆದರೆ ರಾತ್ರಿ ಕರೆದಾಗ ಸೀನಿಯರ್ ಬರಬೇಕು ಅನ್ನುವುದಕ್ಕೆ ಯಾರೂ ಮುಷ್ಕರ ಹೂಡಿದ್ದು ನನಗೆ ನೆನಪಿಲ್ಲ.

ಕರೆಯುವುದೇ ಕಷ್ಟ, ಅದು ಇನ್ನೊಂದು ಮಾತು. "ಇಷ್ಟಕ್ಕೆಲ್ಲ ಎಬ್ಬಿಸ್ತೀಯಾ?" ಅಂತ ಒಮ್ಮೆ ಬೈಸಿಕೊಂಡ ಹೌಸ್ ಸರ್ಜನ್ ಮುಂದಿನ ಸಲ ಅರ್ಧ ಗಂಟೆ ಕಾಯುತ್ತಾನೆ. ಬ್ರಿಟನ್ ಇದಕ್ಕೆ ಒಂದು ದಾರಿ ಹುಡುಕಿದೆ. 2012ರಿಂದ ಅಲ್ಲಿ ನ್ಯೂಸ್ ಎಂಬ ಅಂಕದ ಪಟ್ಟಿ ಇದೆ. ಉಸಿರು, ಆಮ್ಲಜನಕ, ಬಿಪಿ, ನಾಡಿ, ಜ್ವರ, ಎಚ್ಚರ. ಒಂದೊಂದಕ್ಕೂ ಅಂಕ. ಒಟ್ಟು 5 ಆದರೆ ಡಾಕ್ಟರ್ ಬೇಗ ಬಂದು ನೋಡಬೇಕು, 7 ಆದರೆ ಅನುಭವಿಗಳ ತಂಡವೇ ಬರಬೇಕು. ಇಲ್ಲಿ ಹುಡುಗನಿಗೆ ಧೈರ್ಯ ಬೇಕಿಲ್ಲ, ಹೇಳಿದ್ದು ಅಂಕ. ಇದಕ್ಕೆ ಬೇಕಾದದ್ದು ಬಿಪಿ ಮಷಿನ್, ಥರ್ಮಾಮೀಟರ್, ಬೆರಳಿಗೆ ಹಾಕುವ ಆಕ್ಸಿಮೀಟರ್, ಒಂದು ಗಡಿಯಾರ. ಅಲ್ಲೇ ಇನ್ನೊಂದು ಬದಲಾವಣೆ ಕೂಡ ಆಯಿತು. ಆಗಸ್ಟಿನ ಮೊದಲ ಬುಧವಾರ ಹೊಸ ಡಾಕ್ಟರುಗಳು ಕೆಲಸಕ್ಕೆ ಬರುತ್ತಾರೆ. ಹಿಂದಿನ ವಾರಕ್ಕೆ ಹೋಲಿಸಿದರೆ ಆ ದಿನ ಸೇರಿದ ರೋಗಿಗಳ ಸಾವಿನ ಸಂಭವ 6% ಜಾಸ್ತಿ ಅಂತ 2009ರಲ್ಲಿ ಅಧ್ಯಯನವೊಂದು ಹೇಳಿತು. 2012ರಿಂದ, ಕೆಲಸಕ್ಕೆ ಇಳಿಯುವ ಮುಂಚೆ ಕನಿಷ್ಠ ನಾಲ್ಕು ದಿನ ಹೊರಹೋಗುವ ಡಾಕ್ಟರ್ ಜೊತೆ ಓಡಾಡಬೇಕು, ಅದಕ್ಕೆ ಸಂಬಳವೂ ಇದೆ.

ನಮ್ಮಲ್ಲಿ ಈ ವರ್ಷವನ್ನು ತಿನ್ನುವ ಇನ್ನೊಂದು ಸಂಗತಿ ನೀಟ್ ಪಿಜಿ, ಎಂಡಿ, ಎಂಎಸ್ ಸೀಟಿನ ಪ್ರವೇಶ ಪರೀಕ್ಷೆ. ಪರೀಕ್ಷೆ ಹತ್ತಿರ ಬಂದರೆ ಸಹಿ ಹಾಕಿ ಲೈಬ್ರರಿಗೆ ಹೋಗುವವರು ಇದ್ದಾರೆ, ಕಂಡೂ ಕಾಣದಂತೆ ಇರುವ ಹಿರಿಯರೂ ಇದ್ದಾರೆ. ಹುಡುಗರನ್ನು ಬೈಯುವುದು ಸುಲಭ. ವಾರ್ಡಿನಲ್ಲಿ ಉಳಿದರೆ ಸಿಗುವ ಕೆಲಸ ಯಾವುದು? ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡುವುದು, ಸ್ಟ್ರೆಚರ್ ತಳ್ಳುವುದು, ರಿಪೋರ್ಟ್ ತರುವುದು. ಇದು ಅಟೆಂಡರ್ ಇಲ್ಲದ ಕೊರತೆ ತುಂಬುವ ಕೆಲಸ, ಇದರಲ್ಲಿ ಕಲಿಯುವುದು ಕಡಿಮೆ.

ಹೊಸ ಕಾಲೇಜುಗಳಲ್ಲಿ ತಾಪತ್ರಯ ಬೇರೆ ಥರದ್ದು. ಗದಗದ ಮೆಡಿಕಲ್ ಕಾಲೇಜು 2015ರಲ್ಲಿ ಶುರುವಾಯಿತು. ಮೊದಲ ಬ್ಯಾಚ್ ಹೌಸ್ ಸರ್ಜನ್ ಆಗುವ ಹೊತ್ತಿಗೆ 2020, ಕೋವಿಡ್. ಹಿಂದಿನ ಬ್ಯಾಚಿನ ಅಣ್ಣ ಅಕ್ಕ ಅಂತ ಅವರಿಗೆ ಯಾರೂ ಇರಲಿಲ್ಲ. ಹಾವೇರಿಯಲ್ಲಿ 2022-23ರಲ್ಲಿ ಮೊದಲ ಬ್ಯಾಚ್ ಸೇರಿತು. ನಾಲ್ಕೂವರೆ ವರ್ಷ ಕೂಡಿಸಿದರೆ 2027ರ ಹೊತ್ತಿಗೆ ಅವರು ವಾರ್ಡಿಗೆ ಇಳಿಯುತ್ತಾರೆ. ಹೊಸ ಕಾಲೇಜಿನಲ್ಲಿ ಪಿಜಿ ಸೀಟು ಬರುವುದು ನಿಧಾನ. ಅಂದರೆ ಹೌಸ್ ಸರ್ಜನ್ ಮತ್ತು ಅಸಿಸ್ಟೆಂಟ್ ಪ್ರೊಫೆಸರ್ ನಡುವೆ, ರಾತ್ರಿ ವಾರ್ಡಿನಲ್ಲೇ ಇರುವ ಆ ನಡುವಿನ ಪದರ ತೆಳ್ಳಗಿರುತ್ತದೆ. ಹುಬ್ಬಳ್ಳಿಯಲ್ಲಿ ಸೀನಿಯರ್ ಪಿಜಿ ಮಾಡುವ ಕೆಲಸವನ್ನು ಅಲ್ಲಿ ಸೀನಿಯರ್ ರೆಸಿಡೆಂಟ್ ಒಬ್ಬರೇ ಹೊರಬೇಕಾಗುತ್ತದೆ. ಪಿಜಿಗಳನ್ನು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗಳಿಗೆ ಕಳಿಸುವ ಕಾರ್ಯಕ್ರಮ ಇದೆ, 2021ರ ಬ್ಯಾಚಿನಿಂದ ಕಡ್ಡಾಯ. ರೋಗಿಗಳಿಗೆ ಅದರಿಂದ ಅನುಕೂಲವೇ. ಆದರೆ ಹಾಗೆ ಹೋದ ಪಿಜಿಯ ಮೇಲೆ ರಾತ್ರಿ ಯಾರಿದ್ದಾರೆ ಅನ್ನುವುದನ್ನೂ ಡ್ಯೂಟಿ ಪಟ್ಟಿಯಲ್ಲಿ ಬರೆಯಬೇಕು. ಹೆಸರು, ಮೊಬೈಲ್ ನಂಬರ್, ಎಷ್ಟು ನಿಮಿಷದಲ್ಲಿ ಬರುತ್ತಾರೆ ಅನ್ನುವುದು. ಆ ಪಟ್ಟಿ ಸೂಪರಿಂಟೆಂಡೆಂಟ್ ಕೋಣೆಯ ಫೈಲಿನಲ್ಲಿ ಅಲ್ಲ, ಕ್ಯಾಶುವಲ್ಟಿಯ ಫೋನ್ ಪಕ್ಕದ ಗೋಡೆಯ ಮೇಲೆ ಇರಬೇಕು.