ಗಾಜಿನ ಮನೆಯಿಂದ ರಾಷ್ಟ್ರಪತಿ ಭವನದವರೆಗೆ: ‘ಆತ್ಮಸಾಕ್ಷಿ ಮತ’ದ ಹಿನ್ನೆಲೆ

ರಾಷ್ಟ್ರಪತಿ ಚುನಾವಣೆ ಹತ್ತಿರ ಬಂದಾಗಲೆಲ್ಲ ‘ಆತ್ಮಸಾಕ್ಷಿ ಮತ’, ಅಂದರೆ ಪಕ್ಷ ಹೇಳಿದವರಿಗಲ್ಲದೆ ಮನಸ್ಸು ಒಪ್ಪಿದವರಿಗೆ ಮತ, ಎಂಬ ಮಾತಿಗೆ ಜೀವ ಬರುತ್ತದೆ. 2012ರಲ್ಲಿ ಪಿ.ಎ. ಸಂಗ್ಮಾ ಅದನ್ನೇ ಹೇಳಿಕೊಂಡು ಊರೂರು ತಿರುಗಿದರು, 2022ರಲ್ಲಿ ಯಶವಂತ ಸಿನ್ಹಾ ಹೇಳಿದರು, ಇಬ್ಬರೂ ಸೋತರು. ಸಂಖ್ಯಾಬಲ ಇಲ್ಲದವರು ಆತ್ಮಸಾಕ್ಷಿ ಎನ್ನುವುದನ್ನೇ ಇದ್ದವರು ಅಡ್ಡಮತದಾನ ಎನ್ನುತ್ತಾರೆ. ಈ ಮಾತು ಗೆಲುವು ತಂದುಕೊಟ್ಟದ್ದು 1969ರ ಆಗಸ್ಟಿನಲ್ಲಿ, ಒಂದೇ ಒಂದು ಸಲ. ಆ ಕಥೆಯ ಮೊದಲ ಅಂಕ ನಡೆದದ್ದು ಬೆಂಗಳೂರಿನ ಲಾಲ್‌ಬಾಗಿನಲ್ಲಿ.

ಅದಕ್ಕೂ ಹಿಂದಿನದನ್ನು ಚುಟುಕಾಗಿ ಹೇಳಿಬಿಡಬಹುದು. ರಾಜೇಂದ್ರ ಪ್ರಸಾದ್ ಮತ್ತು ರಾಧಾಕೃಷ್ಣನ್ ಅವರ ಕಾಲದಲ್ಲಿ ಈ ಚುನಾವಣೆ ಹೆಸರಿಗಷ್ಟೇ ಸ್ಪರ್ಧೆಯಾಗಿತ್ತು. 1967ರಲ್ಲಿ ಹಲವು ರಾಜ್ಯಗಳು ಕಾಂಗ್ರೆಸ್ಸಿನ ಕೈತಪ್ಪಿದ ಮೇಲೆ, ಮುಖ್ಯ ನ್ಯಾಯಮೂರ್ತಿ ಹುದ್ದೆ ಬಿಟ್ಟು ಬಂದ ಕೆ. ಸುಬ್ಬರಾವ್ ಅವರು ಜಾಕಿರ್ ಹುಸೇನರ ಎದುರು 3,63,971 ಮತಮೌಲ್ಯ (ಸಂಸದರ, ಶಾಸಕರ ಒಂದೊಂದು ಮತಕ್ಕೆ ನಿಗದಿಯಾದ ತೂಕದ ಮೊತ್ತ) ಗಳಿಸಿದಾಗ, ಈ ಹುದ್ದೆಗೂ ನಿಜವಾದ ಪೈಪೋಟಿ ನಡೆಯಬಹುದೆಂದು ಮೊದಲ ಬಾರಿಗೆ ಅರಿವಾಯಿತು. 1969ರ ಮೇ 3ರಂದು ಜಾಕಿರ್ ಹುಸೇನರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾಗಿ ಆ ಸ್ಥಾನಕ್ಕೆ ಬಂದರು.

ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ನಮ್ಮ ಎಸ್. ನಿಜಲಿಂಗಪ್ಪನವರು. ಮೈಸೂರು ರಾಜ್ಯದ ಮುಖ್ಯಮಂತ್ರಿ ಗಾದಿಯನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟು ದಿಲ್ಲಿಗೆ ಹೋಗಿ ವರ್ಷವಷ್ಟೇ ಆಗಿತ್ತು. ಜುಲೈ ಎರಡನೇ ವಾರದಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿತು. ಇಂದು ಫಲಪುಷ್ಪ ಪ್ರದರ್ಶನಕ್ಕೆ ಜನ ಸಾಲುಗಟ್ಟುವ ಆ ಕಬ್ಬಿಣದ ಕಂಬಗಳ ಕೆಳಗೆ ಅಂದು ದೇಶದ ಅತಿದೊಡ್ಡ ಪಕ್ಷ ಬಿರುಕು ಬಿಡುತ್ತಿತ್ತು. ಪ್ರಧಾನಿ ಇಂದಿರಾ ಗಾಂಧಿಯವರು ತಡವಾಗಿ ಬಂದರು. ಅವರಿಗಿಂತ ಮೊದಲು ಬಂದದ್ದು ಅವರ ಆರ್ಥಿಕ ಟಿಪ್ಪಣಿ. ‘ಬಿಡಿ ಆಲೋಚನೆಗಳು’ ಎಂದು ಅವರೇ ಸಲೀಸಾಗಿ ಕರೆದುಕೊಂಡ ಆ ಹಾಳೆಗಳಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣದ ಪ್ರಸ್ತಾಪವೂ ಇತ್ತು. ಜುಲೈ 12ರಂದು ಪಕ್ಷದ ಸಂಸದೀಯ ಮಂಡಳಿಯಲ್ಲಿ ಅವರು ರಾಷ್ಟ್ರಪತಿ ಅಭ್ಯರ್ಥಿಯಾಗಿ ಜಗಜೀವನ್ ರಾಮ್ ಹೆಸರನ್ನು ಮುಂದಿಟ್ಟರು. ಪತ್ರಿಕೆಗಳು ಆಗಲೇ ‘ಸಿಂಡಿಕೇಟ್’ ಎಂದು ಹೆಸರಿಟ್ಟಿದ್ದ ಹಿರಿಯರ ಗುಂಪು ಲೋಕಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿ ಅವರನ್ನು ಬಹುಮತದಿಂದ ಗೆಲ್ಲಿಸಿಕೊಂಡಿತು. ಮರುದಿನ ಗಿರಿಯವರು ಸ್ವತಂತ್ರವಾಗಿ ಕಣಕ್ಕಿಳಿಯುವುದಾಗಿ ಘೋಷಿಸಿದರು. ಪಕ್ಷದ ತೀರ್ಮಾನಕ್ಕೆ ತಲೆಬಾಗಿ ಇಂದಿರಾ ಅವರು ರೆಡ್ಡಿಯವರ ನಾಮಪತ್ರಕ್ಕೆ ಸಹಿಯನ್ನೂ ಹಾಕಿದರು. ಮುಂದಿನದೆಲ್ಲ ಆ ಸಹಿಯನ್ನು ಸಾರ್ವಜನಿಕವಾಗಿ ಅಳಿಸುವ ಕಸರತ್ತು ಎಂದು ಓದಿಕೊಂಡರೆ ತಪ್ಪಾಗದು.

ಜುಲೈ 16ರಂದು ಮೊರಾರ್ಜಿ ದೇಸಾಯಿಯವರ ಕೈಯಿಂದ ಹಣಕಾಸು ಖಾತೆ ಹೋಯಿತು. 19ರ ಶನಿವಾರ ರಾತ್ರಿ ಎಂಟೂವರೆಗೆ ಪ್ರಧಾನಿ ಆಕಾಶವಾಣಿಯಲ್ಲಿ ಮಾತನಾಡಿ, 50 ಕೋಟಿ ರೂಪಾಯಿಗಿಂತ ಹೆಚ್ಚು ಠೇವಣಿಯಿರುವ 14 ಬ್ಯಾಂಕುಗಳು ಸರ್ಕಾರದ ವಶಕ್ಕೆ ಬಂದವೆಂದು ಪ್ರಕಟಿಸಿದರು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಆ ಪಟ್ಟಿಯಲ್ಲಿದ್ದವು. ಇಂದಿರಾ ಅವರ ಎದುರಾಳಿಗಳ ಅಡ್ಡಹೆಸರೂ ಬ್ಯಾಂಕೊಂದರ ನಿಜ ಹೆಸರೂ ಒಂದೇ ಆಗಿದ್ದದ್ದು ಕಾಕತಾಳೀಯ. ಸಂಸತ್ತಿನ ಅಧಿವೇಶನ ಶುರುವಾಗಲು ಎರಡೇ ದಿನ ಇದ್ದಾಗ ಈ ಸುಗ್ರೀವಾಜ್ಞೆ ಹೊರಟಿತು. ಅದಕ್ಕೆ ಸಹಿ ಹಾಕಿದ ಹಂಗಾಮಿ ರಾಷ್ಟ್ರಪತಿ ಗಿರಿಯವರು ಮರುದಿನ ಚುನಾವಣೆಗಾಗಿ ರಾಜೀನಾಮೆ ಕೊಟ್ಟರು. ಗಿರಿಯವರ ಜಾಗಕ್ಕೆ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಹಂಗಾಮಿಯಾಗಿ ಬಂದರು. ಅದೇ ಭಾನುವಾರ ಜಗತ್ತೆಲ್ಲ ಚಂದ್ರನತ್ತ ಕಣ್ಣು ನೆಟ್ಟಿತ್ತು. ಮನುಷ್ಯ ಚಂದ್ರನ ಮೇಲಿಳಿದ ಸುದ್ದಿಯೊಂದಿಗೆ ನಮ್ಮ ಪತ್ರಿಕೆಗಳ ಮುಖಪುಟದಲ್ಲಿ ಜಾಗಕ್ಕೆ ಪೈಪೋಟಿ ನಡೆಸಿದ್ದು ಈ ರಾಜಕೀಯವೇ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ರಾಷ್ಟ್ರಪತಿಯನ್ನು ಆರಿಸುವವರು ಸಂಸದರು ಮತ್ತು ಶಾಸಕರು, ಬೀದಿಯಲ್ಲಿರುವವರಿಗೆ ಮತವಿಲ್ಲ. ಆದರೂ ಆ ವಾರಗಳ ಭಾಷಣಗಳೆಲ್ಲ ಬೀದಿಗೇ ಕೇಳಲೆಂದು ಮಾಡಿದವು. ದಿಲ್ಲಿಯ ಸಫ್ದರ್‌ಜಂಗ್ ರಸ್ತೆಯ 1ನೇ ನಂಬರಿನ ಪ್ರಧಾನಿ ನಿವಾಸದ ಮುಂದೆ ಟ್ಯಾಕ್ಸಿ ಚಾಲಕರು, ರಿಕ್ಷಾ ಎಳೆಯುವವರು, ಕೂಲಿಕಾರರು, ಸಣ್ಣ ನೌಕರರು ದಿನವೂ ಸೇರುತ್ತಿದ್ದರು, ಇಂದಿರಾ ಅವರು ಹೊರಬಂದು ಮಾತಾಡುತ್ತಿದ್ದರು. ಅವರು ತಾವಾಗಿ ಬಂದವರೋ ಕರೆತರಲ್ಪಟ್ಟವರೋ ಎಂಬ ಜಗಳ ಆಗಲೇ ಎದ್ದಿತ್ತು. ಬಹುಶಃ ಎರಡೂ ನಿಜ; ಬ್ಯಾಂಕಿನ ಬಾಗಿಲನ್ನೇ ತುಳಿಯದವರಿಗೆ ಆ ರಾತ್ರಿಯ ಪ್ರಕಟಣೆ ತಮ್ಮ ಪರವಾದದ್ದೆಂದು ಅನ್ನಿಸಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಆ ಜನಸ್ತೋಮದ ಚಿತ್ರ ನೋಡಿ ಬೆವರಬೇಕಾದವರು ಸಂಸತ್ತಿನ ಮೊಗಸಾಲೆಯಲ್ಲಿದ್ದರು. ಆಕಾಶವಾಣಿ ಸರ್ಕಾರದ ಕೈಯಲ್ಲಿತ್ತು, ಟಿವಿ ದಿಲ್ಲಿ ಬಿಟ್ಟು ಹೊರಗೆ ಇರಲಿಲ್ಲ. ನಾಡಿನ ಹಳ್ಳಿಗಳಿಗೆ ರೇಡಿಯೊದಲ್ಲಿ ತಲುಪಿದ ದನಿ ಒಂದೇ ಕಡೆಯದು. ಇನ್ನೊಂದು ಕಡೆಯವರು ಪತ್ರಿಕಾ ಹೇಳಿಕೆಗಳನ್ನೇ ನಂಬಿಕೊಂಡಿದ್ದರು.

ಅವರ ಎಡವಟ್ಟು ಮತಪತ್ರದ ಒಂದು ಅಂಕಿಯಲ್ಲಿತ್ತು. ಈ ಚುನಾವಣೆಯಲ್ಲಿ ಮತದಾರರು ಮುದ್ರೆ ಒತ್ತುವುದಿಲ್ಲ. ಹೆಸರುಗಳ ಎದುರು 1, 2, 3 ಎಂದು ಆದ್ಯತೆ ಬರೆಯುತ್ತಾರೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ ‘2’ ಬರೆದ ಹೆಸರಿಗೆ ಮತ ವರ್ಗವಾಗುತ್ತದೆ. ಜನಸಂಘ ಮತ್ತು ಸ್ವತಂತ್ರ ಪಕ್ಷಗಳು ಸಿ.ಡಿ. ದೇಶಮುಖ್ ಅವರನ್ನು ನಿಲ್ಲಿಸಿದ್ದವು. ಅವರ ‘2’ ರೆಡ್ಡಿಯವರಿಗೆ ಬರಲೆಂದು ನಿಜಲಿಂಗಪ್ಪನವರು ಆ ಪಕ್ಷಗಳ ಮುಖಂಡರನ್ನು ಕಂಡರು. ಲೆಕ್ಕದಲ್ಲಿ ಇದು ಸರಿಯಾದ ನಡೆಯೇ. ಆದರೆ ಬಲಪಂಥೀಯರ ಜತೆ ಒಳಒಪ್ಪಂದ ಎಂಬ ಮಾತು ಎದ್ದಿತು. ಜಗಜೀವನ್ ರಾಮ್ ಮತ್ತು ಫಕ್ರುದ್ದೀನ್ ಅಲಿ ಅಹ್ಮದ್ ಪತ್ರ ಬರೆದು ವಿವರಣೆ ಕೇಳಿದರು. ಪ್ರಧಾನಿಗೆ ಬೇಕಿದ್ದ ನೆಪ ಸಿಕ್ಕಿತು. ರೆಡ್ಡಿಯವರಿಗೇ ಮತ ಹಾಕಿ ಎಂದು ಪಕ್ಷದ ಆದೇಶ (ವಿಪ್) ಹೊರಡಿಸಲು ಅವರು ಒಪ್ಪಲಿಲ್ಲ. ಮತದಾನ ಹತ್ತಿರವಾದಾಗ ಆತ್ಮಸಾಕ್ಷಿಯಂತೆ ಮತ ಹಾಕಿ ಎಂಬ ಮಾತು ಅವರಿಂದ ಹೊರಬಿತ್ತು. ಅದೇ ದಿನಗಳಲ್ಲಿ ಸಂಸತ್ತಿನ ಸೆಂಟ್ರಲ್ ಹಾಲಿನಲ್ಲೂ ಅಂಚೆಯಲ್ಲೂ ರೆಡ್ಡಿಯವರ ಖಾಸಗಿ ಬದುಕನ್ನು ಕೆದಕುವ, ಹೆಸರಿಲ್ಲದ ಕರಪತ್ರವೊಂದು ಹರಿದಾಡಿತು.

ಆಗಸ್ಟ್ 16ರಂದು ಮತದಾನವಾಗಿ 20ರಂದು ಎಣಿಕೆ ನಡೆಯಿತು. ಕಣದಲ್ಲಿದ್ದವರು 15 ಜನ. ಗೆಲ್ಲಲು ಬೇಕಿದ್ದದ್ದು 4,18,169. ಮೊದಲ ಸುತ್ತಿನಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖ್ ಅವರಿಗೆ 1,12,769. ನಿಜಲಿಂಗಪ್ಪನವರ ಲೆಕ್ಕ ಒಂದು ಮಟ್ಟಿಗೆ ಫಲಿಸಿತ್ತು: ವರ್ಗವಾದ ಮತಗಳಲ್ಲಿ ಬಹುಪಾಲು ರೆಡ್ಡಿಯವರಿಗೇ ಹೋಗಿ ಅವರು 4,05,427ಕ್ಕೆ ಏರಿದರು. ಸಾಲಲಿಲ್ಲ. ಗಿರಿಯವರು 4,20,077ರಲ್ಲಿ ನಿಂತರು.

ಫಲಿತಾಂಶದ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋದವು. ಅಧಿಕಾರದಲ್ಲಿದ್ದ ರಾಷ್ಟ್ರಪತಿಯೇ ಬಂದು ಸಾಕ್ಷ್ಯ ನುಡಿದರು. ಕರಪತ್ರ ಹಂಚಿದ್ದು ನಿಜವೆಂದಾದರೂ ಅದರಲ್ಲಿ ಗಿರಿಯವರ ಸಮ್ಮತಿ ಇತ್ತೆಂಬುದು ಸಾಬೀತಾಗದೆ, 1970ರಲ್ಲಿ ಅರ್ಜಿಗಳು ವಜಾಗೊಂಡವು. ಅಷ್ಟರಲ್ಲಿ, 1969ರ ನವೆಂಬರ್ 12ರಂದು ಇಂದಿರಾ ಅವರನ್ನು ಉಚ್ಚಾಟಿಸಿ ಪಕ್ಷ ಎರಡು ಹೋಳಾಗಿತ್ತು. ಮೈಸೂರಿನಲ್ಲಿ ದೇವರಾಜ ಅರಸು ಇಂದಿರಾ ಬಣ ಹಿಡಿದರು. 1971ರಲ್ಲಿ ನಿಜಲಿಂಗಪ್ಪನವರ ಸ್ವಂತ ರಾಜ್ಯದ 27 ಲೋಕಸಭಾ ಸ್ಥಾನಗಳೂ ಆ ಬಣದ ಪಾಲಾದವು.

ಕಾನೂನು ತಿದ್ದಿದ್ದು 1974ರಲ್ಲಿ. ನಾಮಪತ್ರಕ್ಕೆ ಹತ್ತು ಸೂಚಕರು, ಹತ್ತು ಅನುಮೋದಕರು ಮತ್ತು 2,500 ರೂಪಾಯಿ ಠೇವಣಿ ಕಡ್ಡಾಯವಾಯಿತು; 1997ರಲ್ಲಿ ಅದು ತಲಾ ಐವತ್ತು ಜನ ಮತ್ತು 15,000 ರೂಪಾಯಿಗೆ ಏರಿತು. ಕಣಕ್ಕಿಳಿಯುವವರ ಸಂಖ್ಯೆ ಇದರಿಂದ ಇಳಿಯಿತು. ಬೀದಿ, ರೇಡಿಯೊ, ಕರಪತ್ರಗಳ ವಿಷಯಕ್ಕೆ ಈ ತಿದ್ದುಪಡಿಗಳು ಕೈಹಾಕಲಿಲ್ಲ. 1977ರಲ್ಲಿ 37 ಮಂದಿ ನಾಮಪತ್ರ ಸಲ್ಲಿಸಿದಾಗ 36 ತಿರಸ್ಕೃತವಾಗಿ, ಉಳಿದ ಒಬ್ಬರು ಅವಿರೋಧವಾಗಿ ಆಯ್ಕೆಯಾದರು. ಆ ಒಬ್ಬರು ನೀಲಂ ಸಂಜೀವ ರೆಡ್ಡಿ. ಮತಪತ್ರದಲ್ಲಿ ‘2’ ಬರೆಯುವ ಅವಕಾಶ ಇಂದಿಗೂ ಇದೆ. 1969ರ ನಂತರ ಅದನ್ನು ಎಣಿಸುವ ಪ್ರಮೇಯ ಬಂದಿಲ್ಲ.